ಆ ಕಠಾರಿ ಎಲ್ಲಿಂದ ಬಂತು?

ಗದ್ದುಗೆಗಾಗಿ ತನ್ನ ರಾಜನನ್ನೇ ಕೊಲ್ಲುವ ದಳಪತಿಯ ಕಥೆ ಶೇಕ್ಸ್‌ಪಿಯರನ ಮ್ಯಾಕ್‌ಬೆತ್. ಆ ನಾಟಕದ ಮಾತು ಬಂದರೆ ಸಾಕು, ಯಾರಾದರೊಬ್ಬರು ಹೇಳೇ ಹೇಳುತ್ತಾರೆ: "ಕೊಂದ ಪಾಪ ಸುಮ್ನೆ ಬಿಡುತ್ತಾ? ಅದಕ್ಕೇ ಗಾಳಿಯಲ್ಲಿ ಕಠಾರಿ ಕಾಣಿಸ್ತು." ನನಗೆ ರೇಗುವುದು ಇಲ್ಲೇ. ನಾಟಕ ತೆಗೆದು ನೋಡಿ. ಕಠಾರಿ ಕಾಣಿಸುವುದು ಕೊಲೆಗೆ ಮುಂಚೆ! ಡಂಕನ್ ರಾಜ ಇನ್ನೂ ಜೀವಂತ, ಮಲಗಿದ್ದಾನೆ.

ಹೊತ್ತು ಯಾವುದು? ನಡುರಾತ್ರಿ ದಾಟಿದೆ, ಚಂದ್ರ ಮುಳುಗಿದೆ. ದೀಪ ಹಿಡಿದಿದ್ದ ಆಳನ್ನೂ ಮ್ಯಾಕ್‌ಬೆತ್ ಮಲಗಲು ಕಳಿಸಿದ್ದಾನೆ. ತಲೆಯಲ್ಲಿ ಇರುವುದು ಕಠಾರಿ ಒಂದೇ.

ಕಣ್ಣು ಕ್ಯಾಮೆರಾ ಅಲ್ಲ. ಮಿದುಳು ಮೊದಲು ಊಹಿಸುತ್ತದೆ, ಆಮೇಲೆ ಕಣ್ಣು ತಂದ ಸುದ್ದಿಯಿಂದ ಆ ಊಹೆಯನ್ನು ತಿದ್ದಿಕೊಳ್ಳುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಇಂಥದ್ದೊಂದು ಮಾತು ಹೇಳಿದ್ದ. ನಿಮ್ಮ ಒಂದೊಂದು ಕಣ್ಣಲ್ಲೂ ನರ ಹೊರಡುವ ಜಾಗದಲ್ಲಿ ಒಂದು ಕುರುಡು ಚುಕ್ಕೆ ಇದೆ. ಅಲ್ಲಿ ಏನೂ ಕಾಣುವುದಿಲ್ಲ. ಆದರೂ ನಿಮಗೆ ಲೋಕದಲ್ಲಿ ತೂತು ಕಂಡಿದೆಯಾ? ಮಿದುಳು ತೇಪೆ ಹಾಕಿಬಿಡುತ್ತದೆ. ಜೇಬಲ್ಲಿ ಫೋನ್ ಅದುರಿದ ಹಾಗಾಗಿ ತೆಗೆದರೆ ಕರೆಯೇ ಇರುವುದಿಲ್ಲ, ಅದೂ ಇದೇ ತೇಪೆ. ಮಬ್ಬಲ್ಲಿ ಹಗ್ಗ ಹಾವಾಗುವುದೂ ಇದೇ. ಹಾವಿಗೆ ಹಗ್ಗವಾದರೂ ಬೇಕಿತ್ತು. ಮ್ಯಾಕ್‌ಬೆತ್‌ಗೆ ಅದೂ ಬೇಕಾಗಲಿಲ್ಲ. ಹೊರಗಿನ ಸುದ್ದಿ ತೆಳುವಾದಷ್ಟೂ ಒಳಗಿನ ಊಹೆಯ ದನಿ ಜೋರು.

ನನಗೆ ಬಲು ಇಷ್ಟವಾದದ್ದು ಅವನ ಪರೀಕ್ಷೆ. ಹಿಡಿಯಲು ಕೈ ಚಾಚುತ್ತಾನೆ, ಸಿಗುವುದಿಲ್ಲ. ತನ್ನ ನಿಜವಾದ ಕಠಾರಿ ಎಳೆದು ಎರಡನ್ನೂ ಹೋಲಿಸುತ್ತಾನೆ. ಕೊನೆಗೆ, ಅಂಥದ್ದೇನೂ ಇಲ್ಲ, ಈ ರಕ್ತದ ಕೆಲಸವೇ ಕಣ್ಣಿಗೆ ಹೀಗೆ ಕಾಣಿಸುತ್ತಿದೆ ಎನ್ನುತ್ತಾನೆ. ನಾಟಕ ಬಂದದ್ದು 1606ರ ಸುಮಾರಿಗೆ. ಆಗ ಗದ್ದುಗೆ ಮೇಲಿದ್ದ ಜೇಮ್ಸ್ ದೊರೆ 1597ರಲ್ಲಿ ದೆವ್ವ-ಮಾಟಗಳು ನಿಜವೆಂದು ಪುಸ್ತಕವನ್ನೇ ಬರೆದಿದ್ದ. ಅಂಥ ಕಾಲದಲ್ಲಿ ಕಾದ ಮಿದುಳಿನ ಮೇಲೆ ಅನುಮಾನ ಪಡುವುದು ಸಣ್ಣ ಮಾತಲ್ಲ ಅಲ್ವಾ?

ಇನ್ನು ಬ್ಯಾಂಕೋನ ಪ್ರೇತ. ಮ್ಯಾಕ್‌ಬೆತ್ ಆಮೇಲೆ ಕೊಲ್ಲಿಸಿದ ಗೆಳೆಯ ಇವನು. ಔತಣದಲ್ಲಿ ಅದು ಕಂಡದ್ದು ಮ್ಯಾಕ್‌ಬೆತ್ ಒಬ್ಬನಿಗೇ. ಉಳಿದವರಿಗೆ ಅಲ್ಲಿ ಬರೀ ಖಾಲಿ ಆಸನ. ಆಮೇಲೆ ಹೆಂಡತಿ ಹೇಳುವುದು ಮಂತ್ರ-ತಂತ್ರವಲ್ಲ, ನಿನಗೆ ನಿದ್ದೆ ಬೇಕು ಅಂತ. ಸರಿಯಾಗೇ ಹೇಳಿದಳು. 1959ರಲ್ಲಿ ನ್ಯೂಯಾರ್ಕ್‌ನ ರೇಡಿಯೊ ನಿರೂಪಕ ಪೀಟರ್ ಟ್ರಿಪ್ 201 ಗಂಟೆ ನಿದ್ದೆಗೆಟ್ಟು ಕೂತ. ಅವನಿಗೆ ಬೂಟಿನಲ್ಲಿ ಜೇಡರ ಬಲೆ ಕಂಡಿತು. ಅವನೇನೂ ಯಾರನ್ನೂ ಕೊಂದಿರಲಿಲ್ಲ! ಪಾಪಪ್ರಜ್ಞೆ ಪ್ರೇತವನ್ನು ಕರೆತರುವುದಿಲ್ಲ. ಅದು ನಿದ್ದೆ ಕದಿಯುತ್ತದೆ, ಒಂದೇ ಯೋಚನೆಯನ್ನು ತಲೆಯಲ್ಲಿ ಸುತ್ತಿಸುತ್ತದೆ. ಊಹೆ ಆ ಕಡೆಗೇ ವಾಲುತ್ತದೆ.

ಮ್ಯಾಕ್‌ಬೆತ್‌ನ ಹೆಂಡತಿ ನಿದ್ದೆಯಲ್ಲೇ ನಡೆಯುತ್ತಾ, ಇಲ್ಲದ ರಕ್ತದ ಕಲೆ ಹೋಗಲೆಂದು ಕೈ ತೊಳೆಯುವ ದೃಶ್ಯವೊಂದಿದೆ. ಅದರ ಹೆಸರಲ್ಲಿ ಮನಶ್ಶಾಸ್ತ್ರದಲ್ಲಿ 'ಮ್ಯಾಕ್‌ಬೆತ್ ಪರಿಣಾಮ' ಅಂತಲೇ ಒಂದಿದೆ. ಮಾಡಿದ ತಪ್ಪು ನೆನೆದವರಿಗೆ ಮೈ-ಕೈ ಶುಚಿಯ ಬಯಕೆ ಜಾಸ್ತಿ ಎಂದು 2006ರ ಒಂದು ಅಧ್ಯಯನ ಹೇಳಿತು. ಬೇರೆಯವರು ಮತ್ತೆ ಮಾಡಿ ನೋಡಿದಾಗ ಅದು ಸರಿಯಾಗಿ ಸಿಗಲಿಲ್ಲ. ಕಥೆ ಚೆಂದವಿದ್ದರೆ ವಿಜ್ಞಾನಿಗಳೂ ಬೀಳುತ್ತಾರೆ ನೋಡಿ.

ಆ ದೃಶ್ಯದಲ್ಲಿ ಲೇಡಿ ಮ್ಯಾಕ್‌ಬೆತ್ ಕನಸು ಕಾಣುತ್ತಿದ್ದಾಳೆ ಅಂದುಕೊಳ್ಳುತ್ತೇವೆ. ಆದರೆ ನಿದ್ದೆಯಲ್ಲಿ ನಡೆಯುವವರು ಸಾಮಾನ್ಯವಾಗಿ ಏಳುವುದು ಗಾಢ ನಿದ್ದೆಯಿಂದ, ಕನಸು ಜೋರಾಗಿರುವ ಹಂತದಿಂದ ಅಲ್ಲ. ಕೊಲೆಗೆ ಮುಂಚೆ ದಟ್ಟ ಕತ್ತಲನ್ನು ಬಾ ಎಂದು ಕರೆದವಳು ಈಗ ಹಗಲಿರುಳೂ ಪಕ್ಕದಲ್ಲಿ ದೀಪ ಉರಿಯುತ್ತಿರಲಿ ಎಂದು ಕಟ್ಟಪ್ಪಣೆ ಮಾಡಿದ್ದಾಳೆ. ಕಣ್ಣು ತೆರೆದಿದೆಯಲ್ಲ ಎನ್ನುತ್ತಾನೆ ವೈದ್ಯ. ತೆರೆದಿದೆ, ನೋಟ ಮುಚ್ಚಿದೆ ಎನ್ನುತ್ತಾಳೆ ಊಳಿಗದವಳು.