ಸ್ಪ್ರಿಂಗ್ ‘ಕೂರಲಿ’ ಅಂತ ಕಾಯಬೇಡಿ, ಅಷ್ಟರಲ್ಲಿ ಟೈರ್ ಹೋಗಿರುತ್ತದೆ

ಪ್ರಶ್ನೆ: ಕಾರಿಗೆ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದೆ. ಸುಮಾರು 30 ಮಿ.ಮೀ. ಕೆಳಗಿಳಿದಿದೆ. ಸ್ಪ್ರಿಂಗ್ ಸರಿಯಾಗಿ ಕೂರಲು 2,000 ಕಿ.ಮೀ. ಓಡಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿದರೆ ಸಾಕು ಅಂತಾರೆ. ನಿಜವಾ?

ಉತ್ತರ: ನಿಜ ಅಲ್ಲ. ಅಲೈನ್‌ಮೆಂಟ್, ಅಂದರೆ ಚಕ್ರಗಳ ಓರೆ ಅಳೆದು ಸರಿಪಡಿಸುವ ಕೆಲಸ, ಈ ವಾರವೇ ಮಾಡಿಸಿ. ನಾಳೆಯೇ ಆದರೆ ಇನ್ನೂ ಒಳ್ಳೆಯದು.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಮತ್ತೆ ಬರೆಯಲು ಕಾರಣ ಇಷ್ಟೇ: ಬಹಳ ಜನ ಟೈರ್ ಹಾಳಾದ ಮೇಲೆ ಕೇಳುತ್ತಾರೆ. ನೀವು ಮೊದಲೇ ಕೇಳಿದ್ದೀರಿ. ಹಾಗಾಗಿ ಈ ‘ಕೂರುವ’ ಮಾತನ್ನು ಈ ಸಲ ಬುಡದಿಂದ ಬಿಡಿಸಿ ಹೇಳುತ್ತೇನೆ.

ಈ ನಂಬಿಕೆ ಹುಟ್ಟುವುದು ಹೀಗೆ. ಸ್ಪ್ರಿಂಗ್ ಹಾಕಿ, ಜ್ಯಾಕ್ ಇಳಿಸಿದ ಕೂಡಲೇ ಕಾರನ್ನು ನೋಡಿ. ಇನ್ನೂ ಎತ್ತರದಲ್ಲೇ ನಿಂತಿರುತ್ತದೆ. ‘ಏನೂ ಇಳಿದೇ ಇಲ್ವಲ್ಲ’ ಅನಿಸುತ್ತದೆ. ಒಂದು ಸುತ್ತು ಓಡಿಸಿ ಬಂದರೆ ಇಳಿದಿರುತ್ತದೆ. ನೋಡಿದವರು ‘ಸ್ಪ್ರಿಂಗ್ ಕೂರ್ತಾ ಇದೆ’ ಅಂದುಕೊಳ್ಳುತ್ತಾರೆ. ಅಲ್ಲಿ ನಡೆದದ್ದೇ ಬೇರೆ. ಕಾರು ಗಾಳಿಯಲ್ಲಿದ್ದಾಗ ಚಕ್ರಗಳು ಕೆಳಗೆ ಜೋತುಬಿದ್ದು ಸ್ವಲ್ಪ ಒಳಗೆ ಸರಿದಿರುತ್ತವೆ. ಇಳಿಸಿದಾಗ ಅವು ಹೊರಗೆ ಹರಡಿಕೊಳ್ಳಬೇಕು. ಆದರೆ ನಿಂತ ಟೈರ್ ನೆಲವನ್ನು ಕಚ್ಚಿ ಹಿಡಿದಿರುತ್ತದೆ, ಅಡ್ಡಕ್ಕೆ ಜಾರುವುದಿಲ್ಲ. ಕೆಲವು ಮೀಟರ್ ಹಿಂದೆ ಮುಂದೆ ಉರುಳಿಸಿದರೆ ಆ ಹಿಡಿತ ಬಿಡುತ್ತದೆ, ಕಾರು ತನ್ನ ಎತ್ತರಕ್ಕೆ ಬರುತ್ತದೆ. ಇದಕ್ಕೆ ಕೆಲವು ಮೀಟರ್ ಸಾಕು, ಸಾವಿರಾರು ಕಿಲೋಮೀಟರ್ ಬೇಡ.

ಇನ್ನು ಸ್ಪ್ರಿಂಗ್ ವಿಷಯ. ಒಳ್ಳೆಯ ಸ್ಪ್ರಿಂಗನ್ನು ಕಾರ್ಖಾನೆಯಲ್ಲೇ ಸುರುಳಿಗೆ ಸುರುಳಿ ತಾಗುವಷ್ಟು ಒತ್ತಿ ಬಿಡುತ್ತಾರೆ. ಉಕ್ಕು ಎಷ್ಟು ಕುಗ್ಗಬೇಕೋ ಅಷ್ಟು ಅಲ್ಲೇ ಕುಗ್ಗಲಿ ಅಂತಲೇ ಹಾಗೆ ಮಾಡುವುದು. ನಿಮ್ಮ ಕೈಗೆ ಬರುವ ಹೊತ್ತಿಗೆ ಅದರ ‘ಕೂರುವ’ ಕೆಲಸ ಮುಗಿದಿರುತ್ತದೆ. ರಬ್ಬರ್ ಸೀಟು ಸ್ವಲ್ಪ ಒತ್ತಿಕೊಂಡು ಒಂದೆರಡು ಮಿಲಿಮೀಟರ್ ಇಳಿಯಬಹುದು, ಅಷ್ಟೇ. 30 ಮಿ.ಮೀ. ಬದಲಾವಣೆಯನ್ನು ಸರಿಪಡಿಸದೆ, ಆ ಎರಡು ಮಿಲಿಮೀಟರ್‌ಗೋಸ್ಕರ ಕಾಯುವುದು ಯಾವ ಲೆಕ್ಕ?

ವಾರಗಳಾದರೂ ಕಾರು ನಿಜವಾಗಿಯೂ ಇಳಿಯುತ್ತಲೇ ಇದ್ದರೆ ಬುಷ್ ಕಡೆ ನೋಡಿ. ಚಕ್ರವನ್ನು ಕಾರಿನ ಅಡಿಭಾಗಕ್ಕೆ ಜೋಡಿಸುವ ಕೆಳಗಿನ ಆರ್ಮ್ ಇದೆಯಲ್ಲ, ಅದರ ಕೀಲಿನಲ್ಲಿರುವ ರಬ್ಬರ್ ತುಂಡೇ ಬುಷ್. ಅದರಲ್ಲಿ ರಬ್ಬರ್ ಲೋಹಕ್ಕೆ ಅಂಟಿಕೊಂಡೇ ಇರುತ್ತದೆ. ಅದು ಬೇರಿಂಗ್ ತರಹ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಜೋತುಬಿದ್ದಿರುವಾಗಲೇ ಅದರ ಬೋಲ್ಟ್ ಬಿಗಿ ಮಾಡಿದರೆ, ಕಾರು ನೆಲಕ್ಕೆ ಬಂದಾಗಿನಿಂದ ಆ ರಬ್ಬರ್ ದಿನವಿಡೀ ತಿರುಚಿಕೊಂಡೇ ಇರುತ್ತದೆ. ಕಾರನ್ನು ಒಂಚೂರು ಮೇಲಕ್ಕೂ ಹಿಡಿದಿರುತ್ತದೆ. ಕೊನೆಗೆ ರಬ್ಬರ್ ಹರಿಯುತ್ತದೆ, ಕಾರು ಇಳಿಯುತ್ತದೆ. ಜನ ಇದನ್ನೂ ‘ಸ್ಪ್ರಿಂಗ್ ಕೂತಿತು’ ಅಂತಾರೆ! ಸರಿಯಾದ ಕ್ರಮ ಹೀಗಿದೆ: ಸಡಿಲ ಮಾಡಿದ ಬುಷ್ ಬೋಲ್ಟ್‌ಗಳ ಕೊನೆಯ ಬಿಗಿ, ಚಕ್ರದ ಮೇಲೆ ಕಾರಿನ ಭಾರ ಬಿದ್ದಾಗಲೇ ಆಗಬೇಕು. ನಿಮ್ಮ ಮೆಕ್ಯಾನಿಕ್ ಹಾಗೆ ಮಾಡಿದರಾ ಅಂತ ಕೇಳಿ. ಗೊತ್ತಿರುವವರು ಖುಷಿಯಿಂದ ಉತ್ತರ ಕೊಡುತ್ತಾರೆ.

ಕಾದರೆ ಏನು ನಷ್ಟ? ಕಾರು ಇಳಿದಾಗ ಕೆಳಗಿನ ಆರ್ಮ್ ಮತ್ತು ಸ್ಟೀರಿಂಗ್‌ನಿಂದ ಚಕ್ರವನ್ನು ತಿರುಗಿಸುವ ಟೈ ರಾಡ್ ಎರಡರ ಓರೆಯೂ ಬದಲಾಗುತ್ತದೆ. ಎರಡೂ ಒಂದೇ ಕಮಾನಿನಲ್ಲಿ ತಿರುಗುವುದಿಲ್ಲ. ಹಾಗಾಗಿ ಚಕ್ರದ ಮೂತಿ ಒಳಗೋ ಹೊರಗೋ ತಿರುಗುತ್ತದೆ. ಇದೇ ಟೋ. ಒಂದು ಚಕ್ರ ಬರೀ ಕಾಲು ಡಿಗ್ರಿ ತಪ್ಪಿದೆ ಅಂತ ಇಟ್ಟುಕೊಳ್ಳಿ. ಪ್ರತಿ ಕಿಲೋಮೀಟರ್‌ಗೆ ಆ ಟೈರ್ ಸುಮಾರು 4.4 ಮೀಟರ್ ಪಕ್ಕಕ್ಕೆ ಹೋಗಲು ನೋಡುತ್ತದೆ, ಕಾರು ಅದನ್ನು ನೇರಕ್ಕೆ ಎಳೆಯುತ್ತದೆ. ನೀವು ಹೇಳಿದ 2,000 ಕಿ.ಮೀ. ಆಗುವಷ್ಟರಲ್ಲಿ ಈ ಎಳೆದಾಟ ಒಟ್ಟು ಸುಮಾರು 8.7 ಕಿ.ಮೀ. ಆಗಿರುತ್ತದೆ. ಅದನ್ನೆಲ್ಲ ತಡೆದುಕೊಂಡು ಸವೆಯುವುದು ಟೈರ್‌ನ ರಬ್ಬರ್.

‘ನನ್ನ ಕಾರು ಎಲ್ಲೂ ಎಳೆಯಲ್ಲ, ನೇರ ಹೋಗುತ್ತೆ’ ಅನ್ನಬೇಡಿ. ಎರಡೂ ಚಕ್ರ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಒಂದರ ಎಳೆತವನ್ನು ಇನ್ನೊಂದು ತಡೆಯುತ್ತದೆ, ಕಾರು ನೇರವೇ ಹೋಗುತ್ತದೆ. ಸ್ಟೀರಿಂಗ್‌ಗಿಂತ ನಿಮ್ಮ ಅಂಗೈ ಚೆನ್ನಾಗಿ ಹೇಳುತ್ತದೆ. ಟೈರ್ ಮೇಲೆ ಅಡ್ಡಡ್ಡ ಕೈ ಆಡಿಸಿ. ಒಂದು ದಿಕ್ಕಿಗೆ ನುಣುಪು, ವಾಪಸ್ ಬರುವಾಗ ಗರಗಸದ ಹಲ್ಲಿನಂತೆ ಕೈಗೆ ತಡೆದರೆ ಟೋ ತಪ್ಪಿದೆ ಎಂದೇ ಅರ್ಥ. ಕಣ್ಣಿಗೆ ಕಾಣುವ ಮೊದಲೇ ಇದು ಕೈಗೆ ಸಿಗುತ್ತದೆ.

ಕ್ಯಾಂಬರ್, ಅಂದರೆ ಚಕ್ರ ಒಳಗೋ ಹೊರಗೋ ವಾಲಿರುವುದು, ಇದರ ಬಗ್ಗೆ ಎಲ್ಲರಿಗೂ ಭಯ ಜಾಸ್ತಿ. 30 ಮಿ.ಮೀ. ಇಳಿಸಿದಾಗ ಚಕ್ರದ ತಲೆ ಸ್ವಲ್ಪ ಒಳಗೆ ವಾಲುವುದು ಸಹಜ. ಟೋ ಸರಿಯಿದ್ದರೆ ಆ ಸಣ್ಣ ವಾಲಿಕೆಯಿಂದ ಟೈರ್ ಬೇಗ ಹಾಳಾಗುವುದಿಲ್ಲ. ಎಡಕ್ಕೂ ಬಲಕ್ಕೂ ತುಂಬಾ ವ್ಯತ್ಯಾಸ ಇದ್ದರೆ ಮಾತ್ರ ಗಮನ ಕೊಡಿ. ಎಷ್ಟೋ ಕಾರುಗಳಲ್ಲಿ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಅನ್ನು ನಕಲ್‌ಗೆ (ಚಕ್ರ ಕೂರುವ ಲೋಹದ ತುಂಡು) ಹಿಡಿಯುವ ಎರಡು ಬೋಲ್ಟ್‌ಗಳ ತೂತಿನಲ್ಲಿ ಸ್ವಲ್ಪ ಆಟ ಇರುತ್ತದೆ, ಬಿಗಿ ಮಾಡುವಾಗ ಒಂದು ಕಡೆ ಸರಿದಿರುತ್ತದೆ. ಹಿಂದಿನ ಎರಡೂ ಚಕ್ರಗಳನ್ನು ಒಂದೇ ತೊಲೆ ಜೋಡಿಸುವ ಟಾರ್ಷನ್ ಬೀಮ್ ಇದ್ದರೆ ಸಾಮಾನ್ಯವಾಗಿ ತಿರುಗಿಸಲು ಏನೂ ಇರುವುದಿಲ್ಲ, ಆದರೂ ಅಳತೆ ತೆಗೆಸಿ. ಪ್ರತಿ ಹಿಂದಿನ ಚಕ್ರಕ್ಕೂ ಹಲವು ಬೇರೆ ಬೇರೆ ಆರ್ಮ್‌ಗಳಿರುವ ಮಲ್ಟಿಲಿಂಕ್ ಆದರೆ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಆಗಲೇಬೇಕು.

ಹೋಗುವ ಮೊದಲು ಟೈರ್ ಗಾಳಿ ಸರಿ ಮಾಡಿಕೊಳ್ಳಿ, ಡಿಕ್ಕಿಯಲ್ಲಿರುವ ಬೇಡದ ಸಾಮಾನು ತೆಗೆಯಿರಿ. ಮಾಡುವ ಮೊದಲಿನದು, ಮಾಡಿದ ಮೇಲಿನದು, ಎರಡೂ ಅಳತೆಯ ಪ್ರಿಂಟ್ ಕೇಳಿ ಪಡೆಯಿರಿ. ಒಂದೆರಡು ತಿಂಗಳು ಬಿಟ್ಟು ಸುಮ್ನೆ ಇನ್ನೊಮ್ಮೆ ಚೆಕ್ ಮಾಡಿಸಬೇಕು ಅನಿಸಿದರೆ ಮಾಡಿಸಿ, ತಪ್ಪಿಲ್ಲ. ಆದರೆ ಅದು ಎರಡನೆಯ ಸಲದ್ದಾಗಿರಲಿ.

ನೀವು ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ. ಸ್ವಲ್ಪ ದಿನ ಆದ ಮೇಲೆ ‘ಕಾರು ತುಂಬಾ ಕುಲುಕುತ್ತೆ, ಸ್ಪ್ರಿಂಗ್ ಗಟ್ಟಿ’ ಅನಿಸಬಹುದು. ಸ್ಪ್ರಿಂಗನ್ನು ಬೈಯುವ ಮೊದಲು ಬಂಪ್ ಸ್ಟಾಪ್ ನೋಡಿ. ಶಾಕ್ ಅಬ್ಸಾರ್ಬರ್‌ನ ರಾಡ್‌ಗೆ ಹಾಕಿರುವ ಫೋಮ್ ತುಂಡು ಅದು. ಕಾರು 30 ಮಿ.ಮೀ. ಇಳಿದರೆ ಅದಕ್ಕೆ ತಾಗುವ ಮೊದಲು ಸಿಗುತ್ತಿದ್ದ ಜಾಗವೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗುತ್ತದೆ. ಸಣ್ಣ ಹಳ್ಳಕ್ಕೂ ಕಾರು ಅದರ ಮೇಲೆ ಕುಕ್ಕರಿಸಬಹುದು. ತಿಳಿಯುವ ದಾರಿ ಸುಲಭ. ಧೂಳಿನ ಕವರ್ ಎತ್ತಿ, ರಾಡ್ ಸುತ್ತ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಹದವಾಗಿ ಬಿಗಿದು, ಶಾಕ್‌ನ ಮೈಗೆ ತಾಗಿಸಿ ಇಡಿ. ದಿನಾ ಹೋಗುವ ರಸ್ತೆಯಲ್ಲಿ ಒಂದು ದಿನ ಓಡಿಸಿ ಬನ್ನಿ. ಟೈ ಸರಿದು ಫೋಮ್‌ವರೆಗೆ ಹೋಗಿದ್ದರೆ ನಿಮಗೆ ಬಡಿಯುತ್ತಿರುವುದು ಬಂಪ್ ಸ್ಟಾಪ್. ನಿಮ್ಮ ಸ್ಪ್ರಿಂಗ್ ಜೊತೆ ಬಂದ ಹಾಳೆಯಲ್ಲಿ ಅದನ್ನು ಕತ್ತರಿಸಲು ಅಥವಾ ಗಿಡ್ಡದ್ದು ಹಾಕಲು ಹೇಳಿದೆಯಾ ಅಂತ ಈಗಲೇ ತೆಗೆದು ನೋಡಿ.