ಫಿಲ್ಮ್ ಫೋಟೋದಾಗಿನ ಮುಖ ನ್ಯಾಚುರಲ್ ಅನ್ನೋದು ಎಷ್ಟು ಖರೆ?

ಮನ್ಯಾಗಿನ ಹಳೇ ಫೋಟೋ ಒಂದು ಸ್ಟೇಟಸ್‌ಗೆ ಹಾಕಿದ್ರ ಸಾಕು, ‘ಆವಾಗಿನ ಫೋಟೋ ಎಷ್ಟ್ ನ್ಯಾಚುರಲ್ ಇದ್ವು, ಈಗೆಲ್ಲಾ ಎಡಿಟಿಂಗ್’ ಅಂತ ಮಾತು ಶುರು ಆಗ್ತೈತಿ. ಅದು ಅರ್ಧ ಖರೆ.

1839ರಾಗ ಪ್ಯಾರಿಸ್‌ನಾಗ ಡಾಗೆರೋಟೈಪ್ (ತಗಡಿನ ಮ್ಯಾಲ ಮೂಡಿಸೋ ಫೋಟೋ) ಜಾಹೀರ್ ಆತು, ಆಮ್ಯಾಲ ಗಾಜಿನ ಪ್ಲೇಟ್, ಆಮ್ಯಾಲ ರೋಲ್, ಹಿಂಗ ನೂರು ವರ್ಷ ಹೋತು. ನಮ್ಮ ಹುಬ್ಬಳ್ಳಿ-ಧಾರವಾಡದ ಮಂದಿ ನೆನಸೋದು ಬ್ಲ್ಯಾಕ್ ಅಂಡ್ ವೈಟ್ ಸ್ಟುಡಿಯೋ ಕಾಲ. ‘120’ ಅನ್ನೋ ಅಳತಿಯ ಒಂದು ರೋಲ್‌ನಾಗ ಚೌಕ ಫೋಟೋ ತಗದ್ರ ಬರೇ 12, ಹಂಗಾಗಿ ಗದ್ದ ಎತ್ತಿಸಿ, ಸೆರಗು ಸರಿ ಮಾಡಿಸಿ, ಲೈಟ್ ಹೊಂದಿಸಿ ಆಮ್ಯಾಲೇನ ಕ್ಲಿಕ್.

ಆದ್ರ ಕೆಲಸ ಅಲ್ಲಿಗೆ ಮುಗೀತಿರಲಿಲ್ರಿ. ಬೆಳಕು-ಕಪ್ಪು ಉಲ್ಟಾ ಮೂಡಿದ ಫಿಲ್ಮ್, ಅಂದ್ರ ನೆಗೆಟಿವ್‌ನ ಓರೆ ಗಾಜಿನ ಮ್ಯಾಲ ಇಟ್ಟು, ಹಿಂದಿಂದ ಬೆಳಕು ಬಿಟ್ಟು, ಚೂಪು ಮಾಡಿದ ಪೆನ್ಸಿಲ್‌ಲೇ ಟಚಿಂಗ್ ಮಾಡ್ತಿದ್ರು. ಕಣ್ಣಿನ ಕೆಳಗಿನ ಕಪ್ಪು ನೆಗೆಟಿವ್‌ನಾಗ ತೆಳು ಕಾಣ್ತೈತಿ, ಅಲ್ಲಿ ಪೆನ್ಸಿಲ್ ಆಡಿಸಿದ್ರ ಪ್ರಿಂಟ್‌ನಾಗ ಬೆಳ್ಳಗ ಬರ್ತೈತಿ, ಮೊಡವಿ, ಸುಕ್ಕು, ಸಿಡುಬಿನ ಕಲಿ ಎಲ್ಲಾ ಹಿಂಗ ಮಾಯ. ಗೋಡಿ ಮ್ಯಾಲಿನ ಅಜ್ಜಾರ ಮುಖ ಅಷ್ಟು ನುಣ್ಣಗ ಯಾಕೈತಿ ಅಂದ್ರ ಉತ್ತರ ಇದ ಇರಬಹುದು. ಆದ್ರೂ ಒಂದೊಂದು ಮುಖಕ್ಕ ಕೂತು ಕೈಲೇ ಮಾಡೋ ಕೆಲಸ ಅದು, ಎಲ್ಲಿ ಬಿಡಬೇಕು ಅನ್ನೋದು ಮಾಡಾಂವಗ ಗೊತ್ತಿರ್ತಿತ್ತು, ಚರ್ಮ ಚರ್ಮನ ಹಂಗ ಉಳೀತಿತ್ತು.

ಕಲರ್ ಬಂದಮ್ಯಾಲ ಬ್ಯಾರೆ ತೊಡಕು. ಅಮೆರಿಕಾದ ಲ್ಯಾಬ್‌ನಾಗ ಪ್ರಿಂಟ್‌ನ ಬಣ್ಣ ಹೊಂದಸಾಕ ಬಿಳಿ ಹೆಣ್ಮಗಳ ಫೋಟೋ ಇದ್ದ ‘ಶರ್ಲಿ ಕಾರ್ಡ್’ ಇಟ್ಕೋತಿದ್ರು, ಕಪ್ಪು ಮೈಬಣ್ಣದವರ ಮುಖ ಎಷ್ಟೋ ವರ್ಷ ಅದರಾಗ ಸರಿಯಾಗಿ ಕೂಡಲೇ ಇಲ್ಲ. ಅಂದ್ರ ಫಿಲ್ಮ್‌ನ ‘ನ್ಯಾಚುರಲ್’ ಕೂಡ ಯಾರೋ ಕೂತು ಆರಿಸಿದ್ದ. ಆದ್ರ ನೆಗೆಟಿವ್ ಫಿಲ್ಮ್‌ಗೆ ಒಂದು ಒಳ್ಳೇ ಗುಣ ಐತಿ, ಹಣಿ ಮ್ಯಾಲಿನ ಹೊಳಪು ಮೆಲ್ಲಕ ಬಿಳಿಗೆ ಹೋಗ್ತೈತಿ, ಡಿಜಿಟಲ್ ಸೆನ್ಸರ್‌ನಾಗ ಒಂದು ಮಟ್ಟ ದಾಟಿದ್ರ ಫಟ್ಟನ ಬಿಳಿ, ಅಲ್ಲಿ ಏನೂ ಉಳಿಯಂಗಿಲ್ಲ.

1975ಕ್ಕ ಫಿಲ್ಮ್ ಮಾಡೋ ಕೊಡಾಕ್ ಕಂಪನಿಯಾಗ ಡಿಜಿಟಲ್ ಕ್ಯಾಮೆರಾ ಹುಟ್ಟಿತು, 1990ಕ್ಕ ಫೋಟೋ ತಿದ್ದೋ ಸಾಫ್ಟ್‌ವೇರ್ ಫೋಟೋಶಾಪ್ ಬಂತು, 2012ಕ್ಕ ಅದ ಕೊಡಾಕ್ ದಿವಾಳಿ ಅರ್ಜಿ ಹಾಕ್ತು. ಈಗಿನ ಮದುವಿಗೆ ಸಾವಿರಗಟ್ಟಲೆ ಫೋಟೋ, ಪುಸ್ತಕದಂಗ ಪ್ರಿಂಟ್ ಮಾಡಿದ ಕರಿಷ್ಮಾ ಆಲ್ಬಂ ಕೊಡೂದು ಅರ್ಜೆಂಟ್, ಒಂದೊಂದು ಮುಖಕ್ಕ ಕೂಡಾಕ ಯಾರಿಗೆ ಟೈಮ್ ಐತ್ರಿ, ಒಂದ ಸೆಟ್ಟಿಂಗ್ ಎಲ್ಲಾದಕ್ಕೂ ಹಚ್ಚಿಬಿಡೂದು, ಮದುಮಗಳು, ಅತ್ತಿ, ಸೋದರಮಾವ ಎಲ್ಲಾರ ಗಲ್ಲಾನೂ ಇಸ್ತ್ರಿ ಹಾಕಿದಂಗ. ಮೊಬೈಲ್ ಇನ್ನೂ ಮುಂದ ಹೋಗೇತಿ. ಒಂದು ಸಲ ಒತ್ತಿದ್ರ ಅದು ಹಲವು ಫ್ರೇಮ್ ತಗದು ಕೂಡಿಸಿ, ನಾಯ್ಸ್ (ಬ್ಯಾಡಾದ ಚುಕ್ಕಿ) ತಗದು, ಅಂಚು ಚೂಪು ಮಾಡಿ ತೋರಸ್ತೈತಿ, ಬ್ಯೂಟಿ ಮೋಡ್ ಬಂದ್ ಮಾಡಿದ್ರೂ ಈ ಕೆಲಸ ನಡದ ಇರ್ತೈತಿ.

ಈಗ ಹೊಸ ಹುಚ್ಚು ‘ಫಿಲ್ಮ್ ಲುಕ್’ ಫಿಲ್ಟರ್. ಫಿಲ್ಮ್‌ನಾಗ ಗ್ರೇನ್, ಅಂದ್ರ ಸಣ್ಣ ಕಾಳಿನಂಥಾ ಚುಕ್ಕಿ, ಇಂದನ ಚಿತ್ರ ಮೂಡ್ತಿತ್ತು, ಚರ್ಮದ ರಂಧ್ರಾನೂ ಅದರಾಗ ಬರ್ತಿತ್ತು. ಇಲ್ಲಿ ಮೊದಲು ಗಲ್ಲಾ ಪೂರಾ ಸಾಫ್ ಮಾಡಿ, ಆಮ್ಯಾಲ ಮ್ಯಾಲಿಂದ ಗ್ರೇನ್ ಉದುರಸ್ತಾರ, ಝೂಮ್ ಮಾಡಿ ನೋಡ್ರಿ, ಚುಕ್ಕಿ ಅದಾವ, ಚರ್ಮ ಇಲ್ಲ.