ಮಿದುಳಿಗೊಂದು ತಂಬೂರಿ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ತಂಬೂರಿಯ ಆಕಾರದಲ್ಲೇ ಕಟ್ಟಿದ ಧ್ಯಾನಮಂದಿರವಿದೆ. ಸಂಗೀತಗಾರರ ಊರಿಗೆ ಒಪ್ಪುವ ಕಟ್ಟಡ. ಹಾಡು ಕಲಿಯುವ ಮಗುವಿಗೆ ತಂಬೂರಿ ಏನು ಮಾಡುತ್ತದೆ ನೋಡಿ: ಬೈಯುವುದಿಲ್ಲ, ಬಾಯಿಬಿಟ್ಟು ತಿದ್ದುವುದಿಲ್ಲ, ಸುಮ್ಮನೆ ನುಡಿಯುತ್ತಲೇ ಇರುತ್ತದೆ. ದನಿ ಷಡ್ಜದಿಂದ ಕೊಂಚ ಜಾರಿದರೂ ಕಿವಿಗೆ ಕಿರಿಕಿರಿ. ಗಂಟಲು ಮೆಲ್ಲಗೆ ಶ್ರುತಿಗೆ ಮರಳುತ್ತದೆ.

ಸಂಗೀತದ ನ್ಯೂರೋಫೀಡ್‌ಬ್ಯಾಕ್ ಎಂಬ ತರಬೇತಿ, ಅಂದರೆ ಮಿದುಳಿನ ಅಲೆಗಳ ಏರಿಳಿತವನ್ನು ಆಗಿಂದಾಗಲೇ ಹಾಡಿನಲ್ಲಿ ಕೇಳಿಸಿ ತಿದ್ದಿಕೊಳ್ಳಲು ಕಲಿಸುವುದು, ಗಮನಕ್ಕೆ ಇಂಥದೇ ತಂಬೂರಿ ಹಿಡಿಯಲು ಹೊರಟಿದೆ. ನೆತ್ತಿಯ ಮೇಲೆ ಒಂದೆರಡು ಎಲೆಕ್ಟ್ರೋಡ್ (ವಿದ್ಯುತ್ತನ್ನು ಗ್ರಹಿಸುವ ಪುಟ್ಟ ಬಿಲ್ಲೆ) ಅಂಟಿಸುತ್ತಾರೆ. ಅಲ್ಲಿ ಸಿಗುವುದು ಕೆಲವೇ ಮೈಕ್ರೊವೋಲ್ಟ್‌ಗಳ ಮಿದುಳಿನ ಸೂಕ್ಷ್ಮ ವಿದ್ಯುತ್ತು. ಮನುಷ್ಯರಲ್ಲಿ ಅದನ್ನು 1924ರಲ್ಲಿ ಮೊದಲು ದಾಖಲಿಸಿದವರು ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್. ಸೆಕೆಂಡಿಗೆ 4ರಿಂದ 8 ಸಲ ಏರಿಳಿಯುವ ತೀಟಾ ಅಲೆಗಳು ತೂಕಡಿಸುವಾಗ ಹೆಚ್ಚುತ್ತವೆ. 13ರಿಂದ 30ರವರೆಗಿನವು ಬೀಟಾ, ಚುರುಕಾಗಿರುವಾಗ ಕಾಣುವವು. ಕಂಪ್ಯೂಟರ್ ಈ ಲೆಕ್ಕವನ್ನು ಹಾಡಿಗೆ ಕಟ್ಟುತ್ತದೆ. ಬೀಟಾದೆದುರು ತೀಟಾ ಏರಿದರೆ ಹಾಡು ತಗ್ಗಿ ಮಂಕಾಗುತ್ತದೆ, ಇಳಿದರೆ ಮತ್ತೆ ತುಂಬಿ ಬರುತ್ತದೆ. ಹಾಡು ಮಂಕಾಗದಂತೆ ಕಾಯ್ದುಕೊಳ್ಳುವುದೇ ಅಭ್ಯಾಸ. ಪರದೆ ದಿಟ್ಟಿಸಬೇಕಿಲ್ಲ ಎನ್ನುವುದು ನನಗೆ ಬಹಳ ಹಿಡಿಸಿತು. ಮಕ್ಕಳ ಕಣ್ಣಿಗೆ ಈಗಿರುವ ಪರದೆಗಳೇ ಸಾಕು.

ತೊಡಕೂ ಇದೆ. ಹಲ್ಲು ಕಚ್ಚಿದರೆ, ಹುಬ್ಬು ಗಂಟಿಕ್ಕಿದರೆ ಸ್ನಾಯುಗಳ ವಿದ್ಯುತ್ತು ಬೀಟಾದೊಳಗೆ ಬೆರೆತು ಬೀಟಾವೇ ಹೆಚ್ಚಿದಂತೆ ತೋರುತ್ತದೆ, ಹಾಡೂ ತುಂಬಿ ಬರುತ್ತದೆ. ಎಚ್ಚರ ತಪ್ಪಿದರೆ ಮಗು ಕಲಿಯುವುದು ಏಕಾಗ್ರತೆಯನ್ನಲ್ಲ, ದವಡೆ ಬಿಗಿಯುವುದನ್ನು.

ಫಲ ಸಿಗುತ್ತದೆಯೇ? ಎಡಿಎಚ್‌ಡಿ (ಗಮನ ನಿಲ್ಲದಿರುವ, ಚಡಪಡಿಸುವ ತೊಂದರೆ) ಇರುವ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ಸಂಗೀತವಲ್ಲ, ತೀಟಾ ಮತ್ತು ಬೀಟಾದ ಸಾಮಾನ್ಯ ತರಬೇತಿ. ಕೆಲವರಿಗೆ ಅವರದೇ ಅಲೆಗಳ ಸುಳಿವು ಕೊಟ್ಟರು, ಉಳಿದವರಿಗೆ ಮೊದಲೇ ದಾಖಲಿಸಿಟ್ಟ ಬೇರೆಯವರ ಅಲೆಗಳದ್ದು. ಯಾರಿಗೆ ಯಾವುದೆಂದು ಹೆತ್ತವರಿಗೂ ತಿಳಿಸಿರಲಿಲ್ಲ. ಎರಡೂ ಗುಂಪುಗಳು ಸುಧಾರಿಸಿದವು, ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ! ವಾರಗಟ್ಟಲೆ ತಪ್ಪದೆ ಬಂದು ಕೂರುವುದು, ಪಕ್ಕದಲ್ಲಿ ಅಕ್ಕರೆಯ ದೊಡ್ಡವರೊಬ್ಬರಿರುವುದು, ಗುಣವಾಗುತ್ತದೆಂಬ ಭರವಸೆ, ಇವೂ ಕೆಲಸ ಮಾಡಿರಬೇಕು ಎಂಬುದು ನನ್ನ ಊಹೆ.

ಹಾಸನದ ಗೆಳತಿಯೊಬ್ಬಳು ಮಗನಿಗೆ ಇಂಥ ಎಲೆಕ್ಟ್ರೋಡ್ ಇರುವ ತಲೆಪಟ್ಟಿ (ಹೆಡ್‌ಬ್ಯಾಂಡ್) ತರಿಸಲೇ ಎಂದು ಕೇಳಿದ್ದಳು. ಮೊದಲು ಮಕ್ಕಳ ಮನೋವೈದ್ಯರಿಗೆ ತೋರಿಸು, ನಿದ್ದೆ ಸರಿಯಿದೆಯೇ, ಕಿವಿ ಚೆನ್ನಾಗಿ ಕೇಳುತ್ತದೆಯೇ ಪರೀಕ್ಷೆ ಮಾಡಿಸು, ಮಾತ್ರೆ ಬರೆದುಕೊಟ್ಟರೆ ಇದನ್ನು ನಂಬಿ ಅದನ್ನು ಬಿಡಿಸಬೇಡ ಎಂದೆ. ಅವನಿಗೆ ಹಾಡು ಇಷ್ಟವಂತೆ. ಸಂಗೀತದ ಪಾಠಕ್ಕಂತೂ ಈಗಲೇ ಸೇರಿಸಬಹುದು.